ಯಂತ್ರದೊಳಗಿನ ರಬ್ಬರು ಪಟ್ಟಿ

ಕಾರಿನ ಎಂಜಿನ್ನೆಂದರೆ ಉಕ್ಕು, ಬೀಡು ಮತ್ತು ಅಲ್ಯುಮಿನಿಯಮ್ಮಿನ ರಾಶಿಯೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಎಷ್ಟೋ ಎಂಜಿನ್ನುಗಳಲ್ಲಿ ಆ ಲೋಹರಾಶಿಯನ್ನು ಕ್ರಮತಪ್ಪದಂತೆ ನಡೆಸುವುದು ಅಂಗುಲದಷ್ಟು ಅಗಲದ, ಹಲ್ಲುಗಳುಳ್ಳ ಒಂದು ರಬ್ಬರು ಪಟ್ಟಿ. ಇದೇ ಟೈಮಿಂಗ್ ಬೆಲ್ಟ್. ಹಿಂದೆ ಈ ಕೆಲಸವನ್ನು ಸರಪಳಿಯೋ ಹಲ್ಲುಗಾಲಿಗಳೋ ನಿರ್ವಹಿಸುತ್ತಿದ್ದವು. 1962ರಲ್ಲಿ ಪಶ್ಚಿಮ ಜರ್ಮನಿಯ ಗ್ಲಾಸ್ ಕಂಪನಿಯು ತನ್ನ 1004 ಎಂಬ ಕಾರಿಗೆ ಇಂಥ ಪಟ್ಟಿಯನ್ನು ಅಳವಡಿಸಿತು. ಸದ್ದು ಕಡಿಮೆ, ತೂಕ ಕಡಿಮೆ ಎಂಬ ಗುಣಗಳಿಂದ ಅದು ಮುಂದೆ ಹಲವು ಕಂಪನಿಗಳಿಗೆ ಮಾನ್ಯವಾಯಿತು. ನಮ್ಮ ದೇಶದಲ್ಲಿ 1983ರಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನಲ್ಲಿಯೂ ಇದೇ ವ್ಯವಸ್ಥೆಯಿತ್ತು.

ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಈ ಲೆಕ್ಕವನ್ನು ಕಾಯುವುದೇ ಬೆಲ್ಟಿನ ಕರ್ತವ್ಯ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವು ಇಳಿದು ಬರುವ ಸ್ಥಳಕ್ಕೇ ಪಿಸ್ಟನ್ನೂ ಏರಿ ಬರುತ್ತದೆ. ಒಂದು ಬಂದಾಗ ಮತ್ತೊಂದು ಸರಿದಿರಬೇಕು, ಅಷ್ಟೇ. ಡೀಸೆಲ್ ಎಂಜಿನ್ನಿನಲ್ಲಿಯಂತೂ ಈ ಅಂತರ ಅತ್ಯಲ್ಪ.

ನನ್ನ ತಮ್ಮನು ಸಾಲ ಮಾಡಿ, ಬಾಡಿಗೆಗೆ ಓಡಿಸಲೆಂದು ಹಳೆಯ ಡೀಸೆಲ್ ಕಾರೊಂದನ್ನು ಕೊಂಡಿದ್ದನು. ಮನೆಯ ಐವರ ಜೀವನ ಅದರ ಮೇಲೆಯೇ ನಿಂತಿತ್ತು. ಬೆಲ್ಟು ಎಂದು ಬದಲಾಗಿತ್ತೆಂಬ ಚೀಟಿ ಕಾಗದಪತ್ರಗಳಲ್ಲಿ ಇರಲಿಲ್ಲ. ಒಂದು ದಿನ ಹುಬ್ಬಳ್ಳಿಯಿಂದ ಹಾವೇರಿಗೆ ನಾವಿಬ್ಬರೂ ಬರುತ್ತಿದ್ದಾಗ, ಶಿಗ್ಗಾವಿ ದಾಟಿದ ಮೇಲೆ, ಎಂಜಿನ್ನು ತಟ್ಟನೆ ನಿಂತಿತು. ಹೊಗೆಯಿಲ್ಲ, ಮುನ್ಸೂಚನೆಯಿಲ್ಲ. ತಮ್ಮನು ಕೀಲಿ ತಿರುವಿದರೆ ಸ್ಟಾರ್ಟರು ಭಾರವೇ ಇಲ್ಲದಂತೆ ಹಗುರಾಗಿ ಸುತ್ತಿತು. ಬೆಲ್ಟು ಹರಿದುದರ ಲಕ್ಷಣವಿದು. ಆಗ ಮತ್ತೆ ಮತ್ತೆ ಕೀಲಿ ತಿರುವಿದರೆ ಹಾನಿಯೇ ಹೆಚ್ಚುತ್ತದೆ.

ಹಾವೇರಿಯ ಮೇಸ್ತ್ರಿಯೊಬ್ಬರು ಸಿಲಿಂಡರ್ ಹೆಡ್ಡನ್ನು ಬಿಚ್ಚಿ ತೋರಿಸಿದರು. ಎಂಟು ವಾಲ್ವುಗಳು ಬಾಗಿದ್ದವು. ಪಿಸ್ಟನ್ನುಗಳ ತಲೆಯ ಮೇಲೆ ಅರ್ಧಚಂದ್ರಾಕಾರದ ಪೆಟ್ಟಿನ ಗುರುತುಗಳು. "ಹರಿಯೂಕಿಂತ ಮೊದ್ಲ ಇದು ಯಾರಿಗೂ ಹೇಳಂಗಿಲ್ಲರಿ ಸರ" ಎಂದರವರು. ಬೆಲ್ಟಿನ ಬೆಲೆಯ ಹತ್ತಾರು ಪಟ್ಟು ಹಣ ಹೋಯಿತು. ಇಪ್ಪತ್ತು ದಿನ ದುಡಿಮೆ ನಿಂತಿತು. ಆ ತಿಂಗಳ ಸಾಲದ ಕಂತಿಗೆ ನಾದಿನಿಯ ಬಳೆಗಳು ಒತ್ತೆಗೆ ಹೋದವು.

ಸರಪಳಿ ಸಡಿಲಾದರೆ ಬಹುಮಟ್ಟಿಗೆ ಸದ್ದು ಮಾಡುತ್ತದೆ. ರಬ್ಬರು ಮೌನವಾಗಿಯೇ ಸವೆಯುತ್ತದೆ. ಎಣ್ಣೆ ಸೋರಿ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ಓಡದೆ ನಿಂತ ಕಾರಿನಲ್ಲಿಯೂ ಅದಕ್ಕೆ ವಯಸ್ಸಾಗುತ್ತದೆ. ಆದುದರಿಂದಲೇ ತಯಾರಕರು ಕಿಲೋಮೀಟರು ಮತ್ತು ವರ್ಷ ಎರಡನ್ನೂ ಗೊತ್ತುಪಡಿಸಿರುತ್ತಾರೆ. ಯಾವುದು ಮೊದಲು ಬರುವುದೋ ಅದೇ ಅವಧಿ. ಪಟ್ಟಿ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅವಧಿಗೆ ಬದಲಿಸುವುದೇ ವಿವೇಕ. ಅದರೊಡನೆ ಬಿಗಿ ಕಾಯುವ ಟೆನ್ಷನರನ್ನೂ ಬದಲಿಸುವುದು ಲೇಸು.

ಹೊಸ ಬೆಲ್ಟನ್ನು ಕೂರಿಸುವುದೂ ಅಷ್ಟೇ ಸೂಕ್ಷ್ಮ. ಒಂದು ಹಲ್ಲು ತಪ್ಪಿದರೆ ಎಂಜಿನ್ನು ನಡುಗುತ್ತದೆ, ಬಲ ಕುಂದುತ್ತದೆ. ಹೆಚ್ಚು ತಪ್ಪಿದರೆ ಮತ್ತದೇ ಘರ್ಷಣೆ. ಆ ಮೇಸ್ತ್ರಿ ಗುರುತುಗಳನ್ನು ಹೊಂದಿಸಿ, ಸ್ಟಾರ್ಟರಿಗೆ ಕೈಹಚ್ಚುವ ಮೊದಲು ಸ್ಪ್ಯಾನರಿನಿಂದ ಎಂಜಿನ್ನನ್ನು ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದುದನ್ನು ಕಂಡ ಮೇಲೆಯೇ ಕೀಲಿ ಕೊಟ್ಟರು. ತಮ್ಮನು ಅಂದಿನ ತಾರೀಖನ್ನೂ ಕಿಲೋಮೀಟರನ್ನೂ ಬಾನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ಬರೆದಿಟ್ಟನು.