ಪೂರ್ವರಂಗದ ಹುಡುಗರು

ವೇಷ ಕಟ್ಟದೆ, ಕೂತು ಮಾತಿನಲ್ಲೇ ಆಡುವ ಯಕ್ಷಗಾನ ತಾಳಮದ್ದಲೆ. ಅದರಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಯಾರೂ ಮಾತು ಬರೆದುಕೊಡುವುದಿಲ್ಲ. ಪ್ರಸಂಗದಲ್ಲಿರುವುದು ಪದ್ಯ, ಭಾಗವತರು ಪದ ನಿಲ್ಲಿಸಿದ ಮೇಲೆ ಮಾತೆಲ್ಲ ಅವನದೇ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೆದಕುತ್ತಾನೆ, ರಾಮ ಆಗಿಂದಾಗಲೇ ಉತ್ತರ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯ ಎದುರು ರಾಮನಾಗಿ ಕೂರಲು ಎಂಥ ಗುಂಡಿಗೆ ಬೇಕಿತ್ತೋ!

ಆ ಎದೆಗಾರಿಕೆ ಹುಟ್ಟುಗುಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದನ್ನು ಬೆಳೆಸುವ ದಾರಿ ಯಕ್ಷಗಾನದ ಮೇಳಗಳಿಗೆ ಗೊತ್ತಿತ್ತು. ಇಡೀ ರಾತ್ರಿಯ ಬಯಲಾಟದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗ. ಕೋಡಂಗಿ, ಬಾಲಗೋಪಾಲ ವೇಷಗಳು ಆಗಲೇ ರಂಗಕ್ಕೆ ಬರುವುದು. ಅವು ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗರ ಪಾಲು. ಹಾಡುವವರೂ ಹೆಚ್ಚಾಗಿ ಇನ್ನೂ ಕಲಿಯುತ್ತಿರುವವರೇ. ಅವರನ್ನು ಸಂಗೀತಗಾರರೆಂದು ಕರೆಯುತ್ತಾರೆ. ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಆಟ ಕೆಡುವುದಿಲ್ಲ. ಹಾಗೆಂದು ಅದು ಅಭ್ಯಾಸದ ಅಂಗಳವೂ ಅಲ್ಲ: ನಡುರಾತ್ರಿ ರಾವಣ ಬಂದು ನಿಲ್ಲುವ ರಂಗವೇ ಅದು. ಹುಡುಗ ಅಲ್ಲಿ ಕುಣಿದು, ಉಳಿದ ರಾತ್ರಿ ಹಿರಿಯರ ಮಾತು ಕೇಳುತ್ತಾ, ಕ್ರಮೇಣ ಸಣ್ಣಪುಟ್ಟ ಪಾತ್ರಗಳಿಗೆ ಏರುತ್ತಾನೆ.

ನಮ್ಮ ಕಚೇರಿಗಳಲ್ಲಿ ಪೂರ್ವರಂಗವೇ ಇಲ್ಲ. ಹೊಸದಾಗಿ ಸೇರಿದ ಹುಡುಗಿಯ ಮೊದಲ ಸಲಹೆ ನೇರವಾಗಿ ದೊಡ್ಡ ಮೀಟಿಂಗಿನಲ್ಲೇ ಬರಬೇಕು. “ಇದನ್ನು ಹಿಂದೆ ಯಾರೂ ಮಾಡಿಲ್ಲವಲ್ಲಮ್ಮ” ಎಂದು ಮೇಲಿನವರು ಅಂದರೆ ಮುಗಿಯಿತು, ಆಮೇಲೆ ಅವಳು ಬರೀ ಮಿನಿಟ್ಸ್ ಬರೆದುಕೊಂಡು ಕೂರುತ್ತಾಳೆ. ಇಂಥವರನ್ನು ನಾನು ಬಹಳ ಕಂಡಿದ್ದೇನೆ. ಊಟದ ಡಬ್ಬಿ ಬಿಚ್ಚಿದಾಗ ಅವರ ಬಾಯಲ್ಲಿ ಬರುವ ಯೋಚನೆಗಳನ್ನು ಕೇಳಿದರೆ, ಕಚೇರಿ ಏನು ಕಳೆದುಕೊಳ್ಳುತ್ತಿದೆ ಎಂದು ಸಂಕಟವಾಗುತ್ತದೆ.

ತಾಳಮದ್ದಲೆಯಲ್ಲಿ ಎದುರು ಕೂತವನಿಗೂ ಒಂದು ಹೊಣೆಯಿದೆ. ಸವಾಲು ಹಾಕಬೇಕು, ಆದರೆ ಮಾತು ಮುಂದುವರಿಯುವಂತೆ ಹಾಕಬೇಕು. ಕಿರಿಯನ ಬಾಯಿ ಕಟ್ಟಿಸಿ ಗೆದ್ದರೆ ಪ್ರಸಂಗವೇ ಸೋಲುತ್ತದೆ. ಬಲ್ಲ ಹಿರಿಯರು ಪ್ರಶ್ನೆಯೊಳಗೇ ಉತ್ತರಕ್ಕೆ ಎಳೆ ಬಿಟ್ಟುಕೊಡುತ್ತಾರೆ. ಅದನ್ನು ಹಿಡಿದು ಹೊಸಬ ತನಗೇ ಗೊತ್ತಿರದ ಮಾತೊಂದನ್ನು ಆಡುತ್ತಾನೆ. ಆಗ ಅವನ ಅಂಜಿಕೆ ಎಲ್ಲಿ ಹೋಯಿತೆಂದೇ ತಿಳಿಯದು.

ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೆ, ತಪ್ಪಿದರೂ ದೊಡ್ಡ ನಷ್ಟವಾಗದ ಒಂದು ನಿಜವಾದ ಕೆಲಸವನ್ನು ಕಿರಿಯರಿಗೆ ಪೂರ್ತಿ ಒಪ್ಪಿಸಿ. ಅವರು ಮಾಡಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.