ಆರಿದ್ರಾ ಮಳೆಯಲ್ಲಿ ಬೇಲೂರು

ಬೇಲೂರು ನೋಡಲು ಡಿಸೆಂಬರೇ ಸರಿ ಎಂದು ನಂಬಿದವರಲ್ಲಿ ನಮ್ಮ ಶಾಲೆಯ ಮೇಷ್ಟರೂ ಒಬ್ಬರು. ಅವರು ಕರೆದೊಯ್ದ ಪ್ರವಾಸದಿಂದ ನನಗೆ ನೆನಪುಳಿದದ್ದು ಶಿಲ್ಪವಲ್ಲ, ಅಂಗಾಲು. ನಡುಮಧ್ಯಾಹ್ನ ಗುಡಿಯ ಕಾದ ಜಗತಿಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ನೆರಳು ಹುಡುಕುತ್ತಿದ್ದ ನಮ್ಮನ್ನು ಇಲ್ಲಿನ ಶಿಲ್ಪಿ ದಾಸೋಜ ಕಂಡಿದ್ದರೆ ಇನ್ನೊಂದು ನಾಟ್ಯಭಂಗಿ ಕಡೆದಿಡುತ್ತಿದ್ದನೇನೋ.

ಈ ಸಲ ಆರಿದ್ರಾ ಮಳೆ ಹಿಡಿದ ಮೇಲೆ ಹೊರಟೆ, ಒಬ್ಬಳೇ. ಹಾಸನದ ಬಸ್ಸಿನ ಕಂಡಕ್ಟರಿನಿಂದ ಹಿಡಿದು ಚಪ್ಪಲಿ ಕಾಯುವವರ ತನಕ ಎಲ್ಲರದೂ ಒಂದೇ ಪ್ರಶ್ನೆ: "ಒಬ್ರೇನಾ ಮೇಡಂ?" ಗೈಡ್ ಒಬ್ಬರು ಮಾತ್ರ ಕೊಡೆಯೊಳಗಿಂದಲೇ "ಒಬ್ರಾದ್ರೂ ಅದೇ ರೇಟು" ಎಂದರು. ಅವರು ಜಕಣಾಚಾರಿಯ ಕಥೆಯಿಂದ ಶುರುಮಾಡುವವರು. ನನಗೆ ಕಲ್ಲಿನಲ್ಲೇ ಹೆಸರು ಬಿಟ್ಟುಹೋದವರ ಮೇಲೆ ಅಕ್ಕರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕಡೆದ ಮದನಿಕೆಯರ ಪೀಠದಲ್ಲಿ ಹೆಸರು ಕೊರೆದಿದ್ದಾರೆ.

ಮಳೆ ಬಿರುಸಾಯಿತು. ಗೋಡೆಗೆ ಒತ್ತಿಕೊಂಡು ಲೋವೆಯ ಕೆಳಗೆ ನಿಂತೆ. ಫೋಟೋದಲ್ಲಿ ಬರೀ ಅಲಂಕಾರವಾಗಿ ಕಾಣುವ ಲೋವೆ ಮಳೆಯಲ್ಲಿ ತನ್ನ ಕಸುಬು ತೋರಿಸುತ್ತದೆ. ನೀರೆಲ್ಲ ಅದರ ಅಂಚಿನಿಂದ ಧಾರೆಯಾಗಿ ದೂರ ಬೀಳುತ್ತಿತ್ತು. ಕಂಬದ ತಲೆಗೂ ಲೋವೆಗೂ ನಡುವೆ ಓರೆಯಾಗಿ ನಿಂತ 38 ಮದನಿಕೆಯರು (ಇನ್ನು ನಾಲ್ವರು ಒಳಗಿದ್ದಾರೆ) ಬಹುಪಾಲು ಒಣಗಿಯೇ ಇದ್ದರು. ತೊಯ್ದದ್ದು ಕೆಳಗಿನ ಆನೆಸಾಲು; ಬಳಪದ ಕಲ್ಲು ನೀರು ಕುಡಿದು ಕಪ್ಪಾಗಿ, ಆನೆಗಳು ಈಗಷ್ಟೇ ಹೊಳೆಯಿಂದ ಎದ್ದು ಬಂದಂತಿದ್ದವು. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಹಲಸಿನ ಹಣ್ಣು, ಅದರ ಮೇಲೊಂದು ನೊಣ, ಹೊಂಚು ಹಾಕಿದ ಹಲ್ಲಿ. ಹುಡುಕುವಷ್ಟರಲ್ಲಿ ಕತ್ತು ಸೋತಿತು. ಜೊತೆಗೆ ಯಾರಾದರೂ ಇದ್ದಿದ್ದರೆ "ಬಾರೇ, ಊಟಕ್ಕೆ ಹೊತ್ತಾಯ್ತು" ಎಂದು ಎಳೆದೊಯ್ಯುತ್ತಿದ್ದರು.

ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ನವರಂಗಕ್ಕೆ ಗೋಡೆಯಿರಲಿಲ್ಲ, ಸುತ್ತ ತೆರೆದಿತ್ತು. ಕಂಬಗಳ ನಡುವೆ ಜಾಲಂಧ್ರ ಕೂರಿಸಿದ್ದು ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ವಿದ್ವಾಂಸರು ಏನೇ ಕಾರಣ ಕೊಡಲಿ, ನನ್ನ ತೀರ್ಮಾನ ಎರಚಲು. ಎರಡು ತಲೆಮಾರಿನ ಅರ್ಚಕರು ಒದ್ದೆ ಪಂಚೆಯಲ್ಲಿ ಗೊಣಗಿದ ಮೇಲೆ ಅರಮನೆಗೆ ಸುದ್ದಿ ಮುಟ್ಟಿರಬೇಕು. ಇಂದಿಗೂ ಅಲ್ಲಿ ನಿತ್ಯಪೂಜೆ ನಡೆಯುತ್ತದೆ, ಜಾಲಂಧ್ರದ ಉಪಕಾರ ದೊಡ್ಡದು. ಮೇಲಿದ್ದ ಇಟ್ಟಿಗೆ, ಮರದ ವಿಮಾನಕ್ಕೆ ಆ ಭಾಗ್ಯವಿರಲಿಲ್ಲ; ಗರ್ಭಗುಡಿ ಉಳಿಸಲೆಂದು 1879ರಲ್ಲಿ ಅದನ್ನು ಇಳಿಸಿದರು.

ಅಲ್ಲಿಂದ 16 ಕಿಲೋಮೀಟರ್ ಹಳೇಬೀಡು. ಹೊಯ್ಸಳೇಶ್ವರನ ಗೋಡೆಗಳ ಬಗ್ಗೆ ಬರೆದವರಿಗೆ ಬರವಿಲ್ಲ, ನಾನು ಹೆಚ್ಚು ಹೊತ್ತು ನೋಡಿದ್ದು ಕೆರೆಯನ್ನು. ದೋರಸಮುದ್ರವೆಂದು ರಾಜಧಾನಿಗೆ ಹೆಸರಾದದ್ದು ಈ ಕೆರೆಯಿಂದ. 1311ರಲ್ಲಿ ಮಲಿಕ್ ಕಾಫರನ ದಂಡು ಊರನ್ನು ದೋಚಿತು. ಕೆರೆಗೆ ಮಾತ್ರ ನೀರು ಬರುತ್ತಲೇ ಇದೆ.

2023ರಲ್ಲಿ ಈ ಎರಡೂ ಊರಿನ ಗುಡಿಗಳು ಸೋಮನಾಥಪುರದ ಗುಡಿಯ ಜೊತೆ ಯುನೆಸ್ಕೊ ಪಟ್ಟಿ ಸೇರಿವೆ. ರಜೆ ದಿನ ಹೋದರೆ ಕಾಣುವುದು ಬರೀ ಮುಂದಿನವರ ಮೊಬೈಲು. ನೀವು ಜೂನ್ ಕೊನೆಗೆ ಹೋಗಿ. ಜಗತಿ ಜಾರುತ್ತದೆ, ಹುಷಾರು. ಚೀಲದಲ್ಲಿ ಒಂದು ಟವೆಲ್ ಇರಲಿ, ಬೈನಾಕ್ಯುಲರ್ ಇದ್ದರೆ ಅದನ್ನೂ ಒಯ್ಯಿರಿ. ಹಲ್ಲಿ ತುಂಬ ಮೇಲಿದೆ.