ಗಾಳಿಗೂ ಒಂದು ಜರಡಿ ಬೇಕು

ಮೊನ್ನೆ ಆರನೇ ತರಗತಿಯಲ್ಲಿ ಸೋಸುವುದರ ಪಾಠ ನಡೆಯುತ್ತಿತ್ತು. ನಿಮ್ಮ ಮನೆಯಲ್ಲಿ ಏನೇನು ಸೋಸುತ್ತಾರೆ ಹೇಳಿ ಎಂದು ಮಕ್ಕಳನ್ನು ಕೇಳಿದೆವು. ಚಹಾ, ಹಾಲು, ಮಜ್ಜಿಗೆ, ರಾಗಿ ಹಿಟ್ಟು... ಕರಿಹಲಗೆಯ ಮೇಲೆ ಪಟ್ಟಿ ಬೆಳೆಯಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಮ್ಮಪ್ಪನ ಟ್ರ್ಯಾಕ್ಟರು ಗಾಳೀನೂ ಸೋಸ್ತೈತೆ ಸಾರ್" ಅಂದ. ಉಳಿದವರೆಲ್ಲ ಗೊಳ್ಳೆಂದು ನಕ್ಕರು. ನಮಗೆ ನಗು ಬರಲಿಲ್ಲ. ಏಕೆಂದರೆ ಆ ಹುಡುಗನಿಗೆ ಗೊತ್ತಿದ್ದದ್ದನ್ನು ನಾವು ಎರಡು ತಿಂಗಳ ಸಂಬಳ ಕೊಟ್ಟು ಕಲಿತವರು.

ಆ ಕತೆಯನ್ನೇ ಇವತ್ತು ಹೇಳಿಬಿಡುತ್ತೇವೆ. ನಮ್ಮ ಶಾಲೆಗಳ ಮಕ್ಕಳ ಮನೆಗಳಲ್ಲಿ ಈಗ ಪಿಕಪ್ ಗಾಡಿಗಳು ಬೇಕಾದಷ್ಟಿವೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಮ್ಮ ನೌಕರಿ ರಾಯದುರ್ಗದ ಕಡೆ, ಹುಟ್ಟಿದ ಮನೆ ಮಡಕಶಿರಾದ ಕಡೆ. ಅಲ್ಲಿ ಶೇಂಗಾ ಅಂದದ್ದು ಇಲ್ಲಿ ಕಡಲೆಕಾಯಿ ಆಗುತ್ತದೆ, ಅಷ್ಟೇ ವ್ಯತ್ಯಾಸ. ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ ಮೊದಲಿಂದಲೂ ಅನಂತಪುರದಲ್ಲಿದ್ದದ್ದು 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹಾಗಾಗಿ ಈಗ ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಜಿಲ್ಲೆಯವರು! ಊರಿಗೆ ಹೋಗಬೇಕೆಂದರೆ ಕಲ್ಯಾಣದುರ್ಗ ದಾಟಿ, ಕರ್ನಾಟಕದ ಪಾವಗಡದೊಳಗೆ ನುಗ್ಗಿ, ಮತ್ತೆ ಆಂಧ್ರಕ್ಕೆ ಬರಬೇಕು. ದಾರಿಯುದ್ದಕ್ಕೂ ಬೋರ್ಡಿನ ಭಾಷೆ ಬದಲಾಗುತ್ತದೆ. ಬದಲಾಗದ್ದು ಧೂಳು ಒಂದೇ. ಕನ್ನಡದಲ್ಲಿ ಧೂಳು ಅನ್ನಿ, ತೆಲುಗಿನಲ್ಲಿ ದುಮ್ಮು ಅನ್ನಿ, ಮೂಗಿಗೆ ಎರಡೂ ಒಂದೇ.

ನಮ್ಮ ತಮ್ಮ ಓದು ಬಿಟ್ಟ ಮೇಲೆ ಕೆಲವು ವರ್ಷ ಬೇರೆಯವರ ಗಾಡಿ ಓಡಿಸಿದ. ಆಮೇಲೆ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಒಂದನ್ನು ಕೊಂಡ. ಸಾಲಕ್ಕೆ ಜಾಮೀನು ನಮ್ಮದೇ. ರೇಷ್ಮೆ ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಒಯ್ಯುವುದು, ಹುಣಸೆಹಣ್ಣಿನ ಕಾಲದಲ್ಲಿ ಹುಣಸೆ, ಸುಗ್ಗಿಯಲ್ಲಿ ಕಡಲೆಕಾಯಿ, ಮದುವೆ ಬಂದರೆ ಪಾತ್ರೆ-ಪಡಗ. ಗಾಡಿ ನಿಲ್ಲುವ ದಿನವೇ ಇರುತ್ತಿರಲಿಲ್ಲ. ಕಂತು ತಪ್ಪದೆ ಹೋಗುತ್ತಿತ್ತು.

ಒಂದು ದಿನ ತಮ್ಮ ಫೋನ್ ಮಾಡಿದ. "ಅಣ್ಣಾ, ಕಂಪನಿ ಕೊಟ್ಟಿರೋ ಏರ್ ಫಿಲ್ಟರ್ ಗಾಡಿ ಉಸಿರು ಕಟ್ಟಿಸ್ತದಂತೆ. ಆ ಡಬ್ಬಾನೇ ತೆಗೆದು ಬೇರೆ ನಮೂನೆ ಫಿಲ್ಟರ್ ಹಾಕ್ಕೊಡ್ತಾರೆ. ಎಳೆತ ಜಾಸ್ತಿಯಾಗ್ತದೆ, ಡೀಸೆಲ್ಲೂ ಉಳೀತದೆ ಅಂತಾರೆ. ಹಾಕಿಸ್ಲಾ?"

ಈಗ ನೋಡಿ ನಮ್ಮ ಜಾಣತನ. ಆಮ್ಲಜನಕ ಹೆಚ್ಚಾದರೆ ದಹನ ಚೆನ್ನಾಗಿ ಆಗುತ್ತದೆ ಎಂದು ಮಕ್ಕಳಿಗೆ ಮೊಂಬತ್ತಿ ಹಚ್ಚಿ ತೋರಿಸುವವರು ನಾವು. "ಸರಿಯಾಗೇ ಇದೆಯಲ್ಲೋ, ಹಾಕಿಸು" ಅಂದುಬಿಟ್ಟೆವು. ವಿಜ್ಞಾನದ ಮೇಷ್ಟ್ರೇ ಹೇಳಿದ ಮೇಲೆ ಅವನಿಗೆ ಅನುಮಾನ ಎಲ್ಲಿಂದ ಬರಬೇಕು? ಕರಿ ಡಬ್ಬಿ, ಅದರೊಳಗಿನ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್, ಗಾಳಿ ಎಳೆಯುವ ಉದ್ದದ ಮೂತಿ ಎಲ್ಲವೂ ಗುಜರಿಗೆ ಹೋದವು. ಆ ಜಾಗಕ್ಕೆ ಎಣ್ಣೆ ಸವರಿದ ಬಟ್ಟೆ-ಜಾಲರಿಯ, ಲಾಳಿಕೆಯಾಕಾರದ ಫಿಲ್ಟರೊಂದು ಬಾನೆಟ್ಟಿನ ಕೆಳಗೆ ಬಯಲಿನಲ್ಲಿ ಕೂತಿತು. ಆಕ್ಸಲರೇಟರ್ ಒತ್ತಿದರೆ ಹುಸ್ಸ್ ಎಂದು ಸದ್ದು ಬೇರೆ. ಆ ಸದ್ದಿಗೇ ಎಳೆತ ಜಾಸ್ತಿಯಾಯಿತೆಂದು ನಾವೆಲ್ಲ ನಂಬಿದೆವು.

ನಮ್ಮ ಸೀಮೆಯ ಧೂಳು ಎಂಥದೆಂದು ಓದುಗರಿಗೆ ಹೇಳಬೇಕಿಲ್ಲ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆಯ ನಾಡಿದು. ಕಣೇಕಲ್, ಬೊಮ್ಮನಹಾಳ್ ಕಡೆ ಹೋದರೆ ಹಗರಿ ನದಿಯ ಮರಳು ಗಾಳಿಗೆ ಎದ್ದು ಹೊಲದ ಮೇಲೆ ದಿಬ್ಬವಾಗಿ ಕೂತಿರುವುದನ್ನು ಕಣ್ಣಾರೆ ನೋಡಬಹುದು. 2000ದ ದಶಕದಲ್ಲಿ ಓಬಳಾಪುರದ ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದಾಗ ರಸ್ತೆ ಬದಿಯ ಬೇವಿನ ಮರಗಳೂ ಕೆಂಪಾಗಿದ್ದವು. ಬೇಸಿಗೆ ಮುಗಿದು ಆಷಾಢದ ಗಾಳಿ ಬೀಸಿತೆಂದರೆ ಶಾಲೆಯಲ್ಲಿ ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ಹೆಸರು ಬರೆಯಬಹುದು. ಇಂಥ ಊರಿನಲ್ಲಿ ನಾವು ಗಾಡಿಯ ಮೂಗಿನ ಮೇಲಿದ್ದ ಬಟ್ಟೆ ತೆಗೆಸಿದ್ದೆವು.

ಒಂದು ಬೇಸಿಗೆ, ಒಂದು ಆಷಾಢ ಕಳೆಯಿತು. ಮೊದಲು ಇಂಜಿನ್ ಆಯಿಲ್ ಕಡಿಮೆಯಾಗತೊಡಗಿತು. ಎಲ್ಲಿಯೂ ಸೋರಿಕೆ ಇಲ್ಲ. ಆಮೇಲೆ ಹಿಂದಿನಿಂದ ತೆಳು ನೀಲಿ ಹೊಗೆ. ಏರಿನಲ್ಲಿ ಗಾಡಿ ತಿಣುಕುತ್ತಿತ್ತು. ಬೆಳಗಿನ ಚಳಿಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ತಮ್ಮ ಆಯಿಲ್ ಹಾಕುತ್ತಾ, ಓಡಿಸುತ್ತಾ ದಿನ ದೂಡಿದ.

ಕಡೆಗೊಂದು ದಿನ ನಸುಕಿನಲ್ಲಿ ಪಕ್ಕದ ಮನೆಯವರ ಗೂಡು ತುಂಬಿಸಿಕೊಂಡು ನಿಂತರೆ ಗಾಡಿ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ರೇಷ್ಮೆ ಬೆಳೆಯುವವರಿಗೆ ಗೊತ್ತು, ಗೂಡು ಬಿಡಿಸಿದ ಮೇಲೆ ಕಾಯುವ ಹಾಗಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದರೆ ನೂಲು ತುಂಡು ತುಂಡು. ಬೇರೆ ಗಾಡಿ ಹುಡುಕಿ ಕಳಿಸುವಷ್ಟರಲ್ಲಿ ಅವತ್ತಿನ ಹರಾಜು ಮುಗಿದಿತ್ತು, ಮರುದಿನ ದರ ಇಳಿದಿತ್ತು. ಆ ಮನೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ನಾವು ರಜೆ ಹಾಕಿ ಊರಿಗೆ ಹೋದೆವು. ಗಾಡಿಯನ್ನು ಕಟ್ಟಿ ಎಳೆದುಕೊಂಡು ಹಳೆಯ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಹಾಕಿದೆವು. ಟ್ರ್ಯಾಕ್ಟರ್, ಜೀಪು ಬಿಚ್ಚಿ ಕಟ್ಟಿ ಕೂದಲು ಬೆಳ್ಳಗಾದವರು. ಅವರು ಇಂಜಿನ್ ಮುಟ್ಟಲೇ ಇಲ್ಲ. ಫಿಲ್ಟರ್ ಕಳಚಿ, ಅದರ ಹಿಂದಿನ ರಬ್ಬರ್ ಹೋಸಿನೊಳಗೆ ಬೆರಳು ಆಡಿಸಿ ನಮ್ಮ ಮುಂದೆ ಹಿಡಿದರು. ಬೆರಳ ತುದಿ ಕೆಂಪಗೆ, ಕುಂಕುಮ ಹಚ್ಚಿದ ಹಾಗೆ.

"ಸೋಸಿದ ಮೇಲಿನ ಗಾಳಿ ಬರೋ ಜಾಗ ಇದು ಮೇಷ್ಟ್ರೇ. ಇಲ್ಲಿ ಮಣ್ಣಿರಬಾರದು. ಇದ್ದರೆ ಗಾಡಿ ಮಣ್ಣು ತಿಂತಾ ಐತೆ ಅಂತ ಅರ್ಥ."

ಆಮೇಲೆ ಅವರು ಹೇಳಿದ್ದು, ನಾವು ಪುಸ್ತಕ ತಿರುವಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇವೆ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. 50 ಲೀಟರಿನ ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ ಇಂಜಿನ್ ಐದು ಲಕ್ಷ ಲೀಟರ್ ಗಾಳಿ ಕುಡಿದಿರುತ್ತದೆ. ಇಪ್ಪತ್ತು ಅಡಿ ಉದ್ದಗಲ, ಹತ್ತು ಅಡಿ ಎತ್ತರದ ನಮ್ಮ ತರಗತಿ ಕೋಣೆಯಂಥ ನಾಲ್ಕು ಕೋಣೆಗಿಂತ ಹೆಚ್ಚು ಗಾಳಿ! ಅಷ್ಟರಲ್ಲಿರುವ ಧೂಳಿನ ಬಹುಪಾಲು ಬೆಣಚುಕಲ್ಲಿನ ಪುಡಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವುದು ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆ. ಆ ಪುಡಿ ಅಲ್ಲಿ ಸೇರಿದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ. ರಿಂಗ್ ಸವೆದರೆ ಒತ್ತಡ ಸೋರುತ್ತದೆ, ಅದಕ್ಕೇ ಸ್ಟಾರ್ಟ್ ಆಗುವುದಿಲ್ಲ. ಎಣ್ಣೆ ಮೇಲೆ ಹತ್ತಿ ಉರಿಯುತ್ತದೆ, ಅದೇ ನೀಲಿ ಹೊಗೆ.

ಇನ್ನು ಎಳೆತದ ಮಾತು. ಡೀಸೆಲ್ ಇಂಜಿನ್ ಸಾಮಾನ್ಯವಾಗಿ ತನಗೆ ಬೇಕಾದ್ದಕ್ಕಿಂತ ಹೆಚ್ಚೇ ಗಾಳಿ ಎಳೆದುಕೊಂಡಿರುತ್ತದೆ. ಶಕ್ತಿಯನ್ನು ನಿರ್ಧರಿಸುವುದು ಒಳಗೆ ಚಿಮ್ಮುವ ಡೀಸೆಲ್‌ನ ಪ್ರಮಾಣ. ಡೀಸೆಲ್ ಅಷ್ಟೇ ಇದ್ದು ಗಾಳಿಗೆ ಮಾತ್ರ ಬಾಗಿಲು ತೆರೆದರೆ ಹೆಚ್ಚುವುದು ಸದ್ದು, ಎಳೆತವಲ್ಲ. ನಮ್ಮ ಮೊಂಬತ್ತಿಯ ವಿಜ್ಞಾನ ಇಲ್ಲಿ ಕೈಕೊಟ್ಟಿತ್ತು. ಸಾಲದ್ದಕ್ಕೆ ಹಳೆಯ ಮೂತಿ ಹೊರಗಿನ ತಣ್ಣನೆ ಗಾಳಿ ಎಳೆಯುತ್ತಿತ್ತು. ಹೊಸದು ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತಿತ್ತು.

ಆದರೂ ಒಂದು ಪ್ರಶ್ನೆ ಉಳಿಯಿತು. ಬಟ್ಟೆಯ ಫಿಲ್ಟರೂ ಧೂಳು ಹಿಡಿಯುತ್ತದಲ್ಲ? ಇದನ್ನು ಏಳನೇ ತರಗತಿಯ ಶೇಕಡಾ ಲೆಕ್ಕವಾಗಿ ಕೊಟ್ಟೆವು. ಒಂದು ಜರಡಿ 100 ಗ್ರಾಂ ಧೂಳಿನಲ್ಲಿ 99.5 ಗ್ರಾಂ ಹಿಡಿಯುತ್ತದೆ, ಇನ್ನೊಂದು 97 ಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಎಷ್ಟು? "ಎರಡೂವರೆ ಗ್ರಾಂ ಸಾರ್, ಸ್ವಲ್ಪವೇ" ಅಂದರು ಮಕ್ಕಳು. ಹಿಡಿದದ್ದನ್ನು ಬಿಡಿ, ಒಳಗೆ ಹೋದದ್ದನ್ನು ನೋಡಿ ಅಂದೆವು. ಒಂದರಲ್ಲಿ ಅರ್ಧ ಗ್ರಾಂ, ಇನ್ನೊಂದರಲ್ಲಿ ಮೂರು ಗ್ರಾಂ. ಆರು ಪಟ್ಟು! ಕೋಣೆ ಒಂದು ಕ್ಷಣ ಸುಮ್ಮನಾಯಿತು. ತಡೆದದ್ದನ್ನು ಲೆಕ್ಕ ಹಾಕಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ನುಸುಳಿದ್ದನ್ನು ಲೆಕ್ಕ ಹಾಕಬೇಕು. ಈ ಮಾತು ಗಾಡಿಗೆ ಮಾತ್ರ ಅಲ್ಲ ಅನ್ನಿಸಿತು ನಮಗೆ. ನೂರಕ್ಕೆ ತೊಂಬತ್ತೇಳು ಹಾಜರಾತಿ ಎಂದು ಬರೆಯುವಾಗ ಆ ಮೂರು ಮಕ್ಕಳು ಎಲ್ಲಿ ಹೋದರೆಂದು ಕೇಳಬೇಕಲ್ಲವೇ?

ಸರಿ, ಗಾಡಿಗೆ ಬರೋಣ. ಬೋರ್ ಕೆಲಸ, ಹೊಸ ಪಿಸ್ಟನ್, ಹೊಸ ರಿಂಗ್... ನಮ್ಮ ಎರಡು ತಿಂಗಳ ಸಂಬಳ ಅಲ್ಲೇ ಕರಗಿತು. ಗುಜರಿಯಲ್ಲಿ ಅದೇ ಮಾದರಿಯ ಕಂಪನಿ ಡಬ್ಬಿ ಹುಡುಕಿ ತಂದು, ಹೊಸ ಕಾಗದದ ಫಿಲ್ಟರ್, ಹೊಸ ಕ್ಲಿಪ್ಪುಗಳನ್ನು ಹಾಕಿದೆವು. ಮೇಸ್ತ್ರಿ ಇನ್ನೊಂದು ಉಪಾಯ ಮಾಡಿದರು. ಟ್ರ್ಯಾಕ್ಟರಿಗಿರುವ ಹಾಗೆ ಗಾಳಿಯನ್ನು ಗಿರಗಿರನೆ ತಿರುಗಿಸಿ ದಪ್ಪ ಧೂಳನ್ನು ಮೊದಲೇ ಬೀಳಿಸುವ ಬಟ್ಟಲೊಂದನ್ನು ಎತ್ತರದಲ್ಲಿ ಕೂರಿಸಿದರು. ಚಕ್ರದ ಮಟ್ಟಕ್ಕಿಂತ ಮೇಲೆ ಹೋದಷ್ಟೂ ಧೂಳು ಕಡಿಮೆ. ಅಂದ ಹಾಗೆ, ಏರ್ ಫಿಲ್ಟರುಗಳನ್ನು ಪರೀಕ್ಷಿಸಲು ಬಹುಕಾಲ ಅಮೆರಿಕದ ಅರಿಜೋನಾದ ಧೂಳನ್ನೇ ಬಳಸುತ್ತಿದ್ದರಂತೆ. ನಮ್ಮ ಹಗರಿ ದಂಡೆಗೆ ಬಂದಿದ್ದರೆ ಪುಕ್ಕಟೆ ಕೊಡುತ್ತಿದ್ದೆವು!

ಮೇಸ್ತ್ರಿ ಹೇಳಿದ ಕೆಲವು ಮಾತು ಬರೆದಿಟ್ಟುಕೊಂಡಿದ್ದೇವೆ. ಫಿಲ್ಟರನ್ನು ನೆಲಕ್ಕೆ, ಟೈರಿಗೆ ಬಡಿಯಬೇಡಿ, ಅಂಚು ಸೊಟ್ಟಗಾದರೆ ಅಲ್ಲಿಂದಲೇ ಧೂಳು ನುಗ್ಗುತ್ತದೆ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ದೂರದಿಂದ, 30 ಪೌಂಡಿನೊಳಗೆ. ಪಂಕ್ಚರ್ ಅಂಗಡಿಯ ಜೋರು ಗಾಳಿಗೆ ಕಾಗದ ತೂತಾಗುತ್ತದೆ. ಸುಮ್ಮಸುಮ್ಮನೆ ದಿನಾ ಬಿಚ್ಚಬೇಡಿ, ತುಸು ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಬಿಚ್ಚಿದಾಗಲೇ ಧೂಳು ಒಳಗೆ ಬೀಳುವುದು. ಆದರೆ ಕಟ್ಟಿಕೊಂಡು ಕರಿ ಹೊಗೆ ಬರುವವರೆಗೂ ಬಿಡಬೇಡಿ. ಧೂಳಿನ ಸೀಮೆಯಲ್ಲಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮೊದಲೇ ಬದಲಾಯಿಸಿ. ಬದಲಾಯಿಸಿದಾಗಲೆಲ್ಲ ಹೋಸಿನೊಳಗೆ ಬೆರಳು ಆಡಿಸಿ ನೋಡಿ.

ಈಗ ಗಾಡಿ ಚೆನ್ನಾಗಿದೆ. ಹುಸ್ಸ್ ಸದ್ದಿಲ್ಲ, ನೀಲಿ ಹೊಗೆಯಿಲ್ಲ. ಸಾಲದ ಕಂತು ಆರು ತಿಂಗಳು ಮುಂದೆ ಹೋಯಿತು. ಗೂಡಿನವರಿಗೆ ಆದ ನಷ್ಟವನ್ನು ಬಾಡಿಗೆಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಂಡು ತೀರಿಸಿದ ನಮ್ಮ ತಮ್ಮ. ಅವನು ಒಂದು ದಿನವೂ "ನೀನೇ ಹಾಕಿಸು ಅಂದಿದ್ದು" ಎಂದು ಹೇಳಲಿಲ್ಲ. ಆದರೆ ಈಗ ಏನು ಕೇಳಿದರೂ ಕೊನೆಗೊಂದು ಮಾತು ಸೇರಿಸುತ್ತಾನೆ: "ಗೊತ್ತಿದ್ರೆ ಹೇಳು ಅಣ್ಣಾ. ಗೊತ್ತಿಲ್ದಿದ್ರೆ ಮೇಸ್ತ್ರೀನ ಕೇಳ್ತೀನಿ."

ಪಾಠ ಹೇಳುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಮೊನ್ನೆ ಆ ಹುಡುಗನನ್ನು ಮುಂದಕ್ಕೆ ಕರೆದು, ಟ್ರ್ಯಾಕ್ಟರು ಗಾಳಿಯನ್ನು ಹೇಗೆ ಸೋಸುತ್ತದೆಂದು ಅವನಿಂದಲೇ ಹೇಳಿಸಿದೆವು. ಅವನು ಬಟ್ಟಲಿನ ಚಿತ್ರವನ್ನೂ ಬಿಡಿಸಿದ. ನಕ್ಕವರೆಲ್ಲ ಅದನ್ನು ಪುಸ್ತಕಕ್ಕೆ ಇಳಿಸಿಕೊಂಡರು. ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿಯೂ ಇಂಥವನೊಬ್ಬ ಕೂತಿರಬೇಕು, ಒಮ್ಮೆ ಎಬ್ಬಿಸಿ ಕೇಳಿ ನೋಡಿ.